ಹತ್ತು ಫಾರಂ ಗಾಂಜಾ

ಸಂಜೆಯೊಳಗೆ ಹತ್ತು ಫಾರಂ ತುಂಬಿಸಿ ತರದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಚಾಮರಾಜನಗರದ ಪ್ರೊಫೆಸರ್ ಸಾಹೇಬರು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರು. ಗಾಂಜಾ ದುಬಾರಿಯಾದರೆ ಜನ ಕೊಳ್ಳುವುದನ್ನು ಬಿಡುತ್ತಾರೆಯೇ, ಹೆಚ್ಚು ಸೇದುವವರು ಎಷ್ಟಾದರೂ ಕೊಡುತ್ತಾರೆಯೇ ಎಂಬುದು ಅವರ ಸಂಶೋಧನೆ. ಫಾರಂ ಹಿಡಿದು ಬಿಸಿಲಲ್ಲಿ ಅಲೆಯುವ ಕರ್ಮ ಮಾತ್ರ ಉಡಿಗಾಲದ ಕಿರಣ್ ಕುಮಾರನದು.

ಆ ಪುಣ್ಯಾತ್ಮ ಹೋಗಿ ಹೋಗಿ ಗುಂಡ್ಲುಪೇಟೆಯ ಈರುಳ್ಳಿ ಮಂಡಿಗೇ ನುಗ್ಗಿದ. ಮೂಟೆ ಬಿಚ್ಚಿ, ಗೆಡ್ಡೆ ಹಿಚುಕಿ ನೋಡದೆ ಯಾರೂ ಬೆಲೆ ಮಾತಾಡದ ಜಾಗ ಅದು.

“ಅಣ್ಣ, ಸುಮ್ನೆ ಅಂದ್ಕೊಳ್ಳಿ. ಒಂದು ಗಾಂಜಾ ಬೀಡಿ ಐವತ್ತು ರೂಪಾಯಿ ಆದ್ರೆ ಎಷ್ಟು ತಗೋತೀರಿ?” ಎಂದು ಈರುಳ್ಳಿ ವ್ಯಾಪಾರಿ ಮೃತ್ಯುಂಜಯನನ್ನು ಕೇಳಿದ.

“ಮಾಲು ತೋರ್ಸು.”

“ಮಾಲಿಲ್ಲಣ್ಣ. ಬರೀ ಅಂದ್ಕೊಳ್ಳಾದು. ನೂರು ಆದ್ರೆ?”

“ಮಾಲೇ ತೋರ್ಸ್ದೆ ರೇಟು ಏರುಸ್ತೀಯಲ್ಲೋ! ಏ, ಬನ್ರಲಾ ಇಲ್ಲಿ, ಸ್ಯಾಂಪಲ್ಲೇ ಇಲ್ದೆ ಯಾಪಾರಕ್ ಬಂದವ್ನೆ ನೋಡ್ರಲಾ!”

ಹಮಾಲರೆಲ್ಲ ಮೂಟೆ ಇಳಿಸಿ ಬಂದು ಸುತ್ತಿಕೊಂಡರು. ಒಣಗಿದ್ದಾ, ಹಸೀದಾ, ಯಾವ ಊರಿನ ಬೆಳೆ ಎಂದು ಒಬ್ಬೊಬ್ಬರದೂ ಒಂದೊಂದು ವಿಚಾರಣೆ. ಮಧ್ಯಾಹ್ನವಾದರೂ ಒಂದು ಫಾರಮ್ಮೂ ತುಂಬಲಿಲ್ಲ.

ಆಗ ಗುಂಪಿನಿಂದ ಚೌಕಳಿ ಅಂಗಿಯವನೊಬ್ಬ ಮುಂದೆ ಬಂದ. “ಅವ್ರನ್ನ ಬುಡು, ನಾನ್ ಏಳ್ತೀನಿ” ಎಂದು ಟೀ ಅಂಗಡಿಯ ಮರೆಗೆ ಕರೆದೊಯ್ದ. ದೇವರೇ ಬಂದಂತಾಯಿತು ಕಿರಣನಿಗೆ.

“ಹತ್ತು ರೂಪಾಯಿ ಆದ್ರೆ ಎಷ್ಟು ತಗೋತೀರಿ?”

“ಎಲ್ಲಾ.”

“ಐನೂರು ಆದ್ರೆ?”

“ಎಲ್ಲಾ.”

“ಸಾವ್ರ?”

“ಎಷ್ಟಾರಾ ಆಗ್ಲಿ ಕಣಯ್ಯ, ಒಂದೂ ಬುಡಕಿಲ್ಲ.”

ಕಿರಣ್ ಅಷ್ಟನ್ನೂ ಖುಷಿಯಿಂದ ಫಾರಮ್ಮಿಗೆ ಇಳಿಸಿದ. “ವಾರಕ್ಕೆ ಎಷ್ಟು ದಿನ ಸೇದ್ತೀರಿ?”

“ಥೂ! ಒಂದ್ ದಿನಾನೂ ಇಲ್ಲ.”

ಪ್ರಾಮಾಣಿಕ ಹುಡುಗ, ಅದನ್ನೂ ಬರೆದುಕೊಂಡ. “ಮತ್ತೆ ತಗೊಂಡು ಏನ್ ಮಾಡ್ತೀರಿ?”

“ಸ್ಟೇಷನ್ನಲ್ಲಿ ಇಡ್ತೀನಿ. ಮಾಲ್ ಎಲ್ಲಿ ಮಡ್ಗಿದ್ದೀಯ, ಏಳ್ಲಾ!” ಎಂದು ಮಫ್ತಿಯಲ್ಲಿದ್ದ ಪೊಲೀಸ್ ಶಾಂತರಾಜು ಅವನ ಕೊರಳಪಟ್ಟಿ ಹಿಡಿದ.

ಸ್ಟೇಷನ್ನಿನಲ್ಲಿ ಚೀಲ ಸುರಿದರೆ ಸಿಕ್ಕಿದ್ದು ಒಂಬತ್ತು ಖಾಲಿ ಫಾರಂ, ಒಂದು ಚಿತ್ರಾನ್ನದ ಡಬ್ಬಿ. ಇನ್ಸ್‌ಪೆಕ್ಟರು ಪ್ರೊಫೆಸರಿಗೆ ಫೋನು ಮಾಡಿದರು. ‘ನಮ್ಮ ಹುಡುಗನೇ, ಬಿಟ್ಟುಬಿಡಿ’ ಎಂದಾಯಿತು. ಫೋನು ಕಿರಣನ ಕೈಗೆ ಬಂತು.

“ಎಷ್ಟು ಫಾರಂ ಆಯ್ತು?”

“ಒಂದು ಸಾರ್.”

“ಓದು.”

ಓದಿದ.

“ಯಾವ ಬೆಲೆಗಾದ್ರೂ ಎಲ್ಲಾ ಕೊಳ್ತಾನೆ, ಆದ್ರೆ ಒಂದು ದಿನವೂ ಸೇದಲ್ಲ! ಇಂಥ ಮನುಷ್ಯ ಭೂಮಿ ಮೇಲೆ ಇದ್ದಾನೇನಯ್ಯ? ಯಾವುದೋ ಮರದ ಕೆಳಗೆ ಕೂತು ನೀನೇ ಗೀಚಿದ್ದೀಯ. ನಾಳೆಯಿಂದ ಬರಬೇಡ.”

“ಇಲ್ಲೇ ಅವ್ರೆ ಸಾರ್, ನನ್ನೆದುರ್ಗೇ!” ಕಿರಣ್ ಅಳುಮೋರೆ ಮಾಡಿಕೊಂಡು ಫೋನನ್ನು ಶಾಂತರಾಜುವಿನತ್ತ ಚಾಚಿದ. “ನಿಮ್ಮ ದಮ್ಮಯ್ಯ, ಅದನ್ನೆಲ್ಲ ನೀವೇ ಹೇಳಿದ್ದು ಅಂತ ಒಂದು ಮಾತು ಹೇಳ್ಬುಡಿ.”

ಶಾಂತರಾಜು ಇನ್ಸ್‌ಪೆಕ್ಟರ ಮುಖವನ್ನೊಮ್ಮೆ ನೋಡಿದ.

“ಗಾಂಜಾ ಫಾರಮ್ಗೆ ನನ್ ಎಸ್ರು ಸೇರುಸ್ತೀಯೇನ್ಲಾ? ನಾನೆಲ್ಲಿ ಏನ್ ಏಳ್ದೆ? ನಡಿ ಆಚೆಗೆ!”