ಬೆಂಡೆಕಾಯಿ ಮುದ್ರೆಯ ಚುನಾವಣೆ

ಸಮಾಜ ಪಾಠದ ಮಾಸ್ತರನಿಗೆ ಒಂದು ಗ್ರಹಚಾರ ಉಂಟು. ಪುಸ್ತಕದಲ್ಲಿದ್ದದ್ದನ್ನು ಮಾಡಿ ತೋರಿಸಲು ಹೋದಾಗಲೆಲ್ಲ ಏನಾದರೊಂದು ಎಡವಟ್ಟಾಗುತ್ತದೆ. ಭೂಕಂಪದ ಪಾಠ ಮಾಡುವಾಗ ನಾನು ಎರಡು ಬೆಂಚು ಮುರಿಸಿದವನು. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಕಾಪುವಿನ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ನಡೆಸಿದ ಚುನಾವಣೆಯ ಮುಂದೆ ಅದೆಲ್ಲ ಏನೂ ಅಲ್ಲ.

೧. ಒಪ್ಪಿಗೆ

ಅಲ್ಲಿಯವರೆಗೆ ಶಾಲಾ ನಾಯಕನನ್ನು ಹೆಡ್‌ಮಾಸ್ಟ್ರೇ ಆರಿಸುತ್ತಿದ್ದರು. ಯಾರ ಅಂಗಿಗೆ ಇಸ್ತ್ರಿ ಇರುತ್ತಿತ್ತೋ ಅವನೇ ನಾಯಕ. ಹತ್ತನೆಯ ತರಗತಿಗೆ ಚುನಾವಣೆಯ ಪಾಠ ಬಂದಾಗ, ಈ ಸಲ ಮಕ್ಕಳೇ ಮತ ಹಾಕಿ ಆರಿಸಲಿ, ಪಾಠವೂ ಆದ ಹಾಗಾಯಿತು ಎಂದು ನಾನು ಹೇಳಿದೆ.

ಹೆಡ್‌ಮಾಸ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಒಳ್ಳೆಯ ವಿಚಾರ. ಚುನಾವಣೆ ಆಗಲಿ. ಗೆಲ್ಲುವುದು ಯಾರು ಅಂತ ನಾನು ಸಂಜೆಯೊಳಗೆ ನಿಮಗೆ ಹೇಳ್ತೇನೆ."

೨. ಮೂರು ನಾಮಪತ್ರ

ಮೊದಲನೆಯವನು ಶಾಲೆಯ ಸಂಚಾಲಕರ ಸೋದರಳಿಯ. ವಾರಕ್ಕೆ ನಾಲ್ಕು ಆಟದ ಪೀರಿಯಡ್ ಎಂದು ಅವನ ಭರವಸೆ. ಎರಡನೆಯವನು ಬಸ್ಸಿನ ಧಣಿಯ ಮಗ. ತಂದೆಯ ಬಸ್ಸಿನಲ್ಲಿ ನಮ್ಮ ಮಕ್ಕಳಿಗೆಲ್ಲ ಸೀಟು ಎಂದ. ಆ ಬಸ್ಸು ಓಡುತ್ತಿದ್ದದ್ದು ಉಡುಪಿಯಿಂದ ಕಾರ್ಕಳಕ್ಕೆ, ನಮ್ಮ ಶಾಲೆಯ ಕಡೆಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಆದರೂ ಮಕ್ಕಳು ಚಪ್ಪಾಳೆ ತಟ್ಟಿದರು. ದೊಡ್ಡವರ ಚುನಾವಣೆಯನ್ನು ಅವರೂ ನೋಡಿದ್ದರಲ್ಲ.

ಮೂರನೆಯವಳು ಎರ್ಮಾಳಿನಿಂದ ಬರುತ್ತಿದ್ದ ಹುಡುಗಿ. ತಾಯಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ಇವಳದ್ದು ಒಂದೇ ಬೇಡಿಕೆ: ಹುಡುಗಿಯರ ಪಾಯಿಖಾನೆಗೆ ಬಾಗಿಲು. ಇದ್ದ ಬಾಗಿಲು ಹಿಂದಿನ ಮಳೆಗಾಲದಲ್ಲೇ ಕೊಳೆತು ಕುಂಬಾಗಿ ಬಿದ್ದಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಕೊಡೆ ಬಿಚ್ಚಿ ಅಡ್ಡ ಹಿಡಿಯಬೇಕು. ಸಂಚಾಲಕರ ಸಭೆಯಲ್ಲಿ ಮಾತಾಡುವ ಅವಕಾಶ ಶಾಲಾ ನಾಯಕರಿಗೆ ಮಾತ್ರ ಇದ್ದದ್ದರಿಂದ ಅವಳು ನಿಂತಿದ್ದಳು.

"ಬಾಗಿಲು ಎಂತ ದೊಡ್ಡ ವಿಷಯ ಮಾರಾಯ್ತಿ? ದೇಶದ ವಿಷಯ ಮಾತಾಡು" ಎಂದರು ಡ್ರಿಲ್ ಮಾಸ್ಟ್ರು.

"ಕೊಡೆ ಹಿಡಿದು ಕೈ ಸೋತಿದೆ ಸರ್. ಬಾಗಿಲು ಬರಲಿ, ಮತ್ತೆ ದೇಶದ ವಿಷಯ ನೋಡುವ" ಎಂದಳು.

೩. ಪ್ರಚಾರ

ತಿಂಡಿ ಹಂಚಬಾರದು ಎಂದು ನಾನು ನಿಯಮ ಮಾಡಿದ್ದೆ. ಸಂಚಾಲಕರ ಸೋದರಳಿಯ ತಂದ ಗೋಳಿಬಜೆಯ ಕಟ್ಟನ್ನು ಡ್ರಿಲ್ ಮಾಸ್ಟ್ರು ಜಪ್ತಿ ಮಾಡಿ, ಸ್ಟಾಫ್ ರೂಮಿನಲ್ಲಿ ಕೂಲಂಕಷವಾಗಿ ತನಿಖೆ ನಡೆಸಿದರು. ತನಿಖೆ ಮುಗಿದಾಗ ಎಣ್ಣೆಯಾದ ಪೇಪರು ಮಾತ್ರ ಉಳಿದಿತ್ತು.

ಹುಡುಗ ಬೇರೆ ದಾರಿ ಹಿಡಿದ. ಶಾಲೆಯ ಹಿಂದೆ ಒಂದು ದೈವದ ಗುಡಿ. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳನ್ನೆಲ್ಲ ಗುಂಪು ಗುಂಪಾಗಿ ಅಲ್ಲಿಗೆ ಕರೆದುಕೊಂಡು ಹೋಗಿ, ನನಗೇ ಮುದ್ರೆ ಒತ್ತುತ್ತೇನೆ ಎಂದು ಆಣೆ ಹಾಕಿಸಿದ. ನಮ್ಮ ಕಡೆ ಪೊಲೀಸರ ಮುಂದೆ ಸುಳ್ಳು ಹೇಳಿಯಾರು, ದೈವದ ಮುಂದೆ ಹಾಕಿದ ಆಣೆ ತಪ್ಪುವ ಧೈರ್ಯ ಯಾರಿಗೂ ಇಲ್ಲ. ಸುದ್ದಿ ತಿಳಿದ ಬಸ್ಸಿನ ಧಣಿಯ ಮಗ ಮರುದಿನ ಅದೇ ಮಕ್ಕಳನ್ನು ಅದೇ ಗುಡಿಗೆ ಕರೆದುಕೊಂಡು ಹೋದ. ದಾಕ್ಷಿಣ್ಯದ ಮಕ್ಕಳು, ಅವನಿಗೂ ಆಣೆ ಹಾಕಿದರು.

ಹುಡುಗಿ ನನ್ನ ಹತ್ತಿರ ಬಂದಳು. "ನಾನೂ ಆಣೆ ಹಾಕಿಸಲಾ ಸರ್?"

"ಬೇಡ. ಇದು ಗುಪ್ತ ಮತದಾನ. ಯಾರು ಯಾರಿಗೆ ಹಾಕಿದರು ಅಂತ ಒಂದು ನರಪಿಳ್ಳೆಗೂ ಗೊತ್ತಾಗುವುದಿಲ್ಲ."

"ದೈವಕ್ಕೆ ಗೊತ್ತಾಗ್ತದಲ್ಲ ಸರ್" ಎಂದಳು. ಪಠ್ಯಪುಸ್ತಕವನ್ನು ಮನೆಗೆ ಹೋಗಿ ಮತ್ತೊಮ್ಮೆ ಓದಿದೆ, ಇದಕ್ಕೆ ಉತ್ತರ ಇರಲಿಲ್ಲ.

೪. ಮತದಾನ

ಮತಪೆಟ್ಟಿಗೆಗೆ ಬಿಸ್ಕತ್ತಿನ ಡಬ್ಬ, ಮರೆಗೆ ಭಾರತದ ಭೂಪಟ, ಮುದ್ರೆಗೆ ಅಡ್ಡ ಕೊಯ್ದ ಬೆಂಡೆಕಾಯಿ. ಶಾಯಿಯಲ್ಲಿ ಅದ್ದಿ ಒತ್ತಿದರೆ ಚಂದದ ಹೂವು ಮೂಡುತ್ತಿತ್ತು. ಮಕ್ಕಳಿಗೆ ಹಳೆಯ ಉತ್ತರಪತ್ರಿಕೆಯಿಂದ ಕತ್ತರಿಸಿ ಮೂವರ ಹೆಸರು ಬರೆದ ಚೀಟಿ. ಮೊದಲ ಮತ ಹಾಕಿ ಉದ್ಘಾಟಿಸುವ ಹೆಡ್‌ಮಾಸ್ಟ್ರಿಗೆ ಮಾತ್ರ ಡ್ರಾಯಿಂಗ್ ಮಾಸ್ಟ್ರು ದಪ್ಪ ಕಾಗದದಲ್ಲಿ, ಸುತ್ತ ಮಾವಿನೆಲೆಯ ಅಂಚು ಬಿಡಿಸಿ, ಪ್ರತ್ಯೇಕ ಮತಪತ್ರ ಮಾಡಿಕೊಟ್ಟಿದ್ದರು.

ಹೆಡ್‌ಮಾಸ್ಟ್ರು ಭೂಪಟದ ಹಿಂದೆ ಹೋದವರು ಬೇಗ ಬರಲಿಲ್ಲ. ಆಮೇಲೆ ಹೋದ ಮಕ್ಕಳೂ ಹಾಗೆಯೇ, ತಡವಾಗಿ ಹೊರಗೆ ಬಂದು ನಿರಾಳವಾಗಿ ಉಸಿರು ಬಿಡುತ್ತಿದ್ದರು. ಮಧ್ಯಾಹ್ನದೊಳಗೆ ಆರು ಬೆಂಡೆಕಾಯಿ ಸವೆದವು. ಇನ್ನೂರು ಮತಕ್ಕೆ ಇಷ್ಟು ಬೆಂಡೆಕಾಯಿ ಯಾಕೆ ಎಂಬ ಸಂಶಯ ನನಗೆ ಆಗಲೇ ಬರಬೇಕಿತ್ತು. ಬರಲಿಲ್ಲ, ನಾನು ಗಣಿತದ ಮಾಸ್ಟ್ರಲ್ಲ.

೫. ಎಣಿಕೆ

ಹೆಡ್‌ಮಾಸ್ಟ್ರ ಕೋಣೆಯಲ್ಲಿ ಮೂವರು ಅಭ್ಯರ್ಥಿಗಳ ಎದುರೇ ಡಬ್ಬ ಸುರಿದೆ. ಮೊದಲ ಚೀಟಿಯಲ್ಲಿ ಎರಡು ಹೂವು, ಇಬ್ಬರು ಹುಡುಗರಿಗೂ ಒಂದೊಂದು. ಎರಡನೆಯದರಲ್ಲೂ ಎರಡು. ಮೂರನೆಯದೂ ಹಾಗೆಯೇ. ಜಗಲಿಯಲ್ಲಿದ್ದ ಮಕ್ಕಳನ್ನು ಕರೆದು ಕೇಳಿದೆ.

"ಇಬ್ಬರಿಗೂ ಆಣೆ ಹಾಕಿದ್ದೇವಲ್ಲ ಸರ್. ಒಬ್ಬನಿಗೆ ಹಾಕಿ ಇನ್ನೊಬ್ಬನಿಗೆ ತಪ್ಪಿಸ್ಲಿಕ್ಕೆ ಆಗ್ತದಾ?"

ಸಿಂಧುವಾದ ಮತ ಹತ್ತು. ಹುಡುಗರಿಬ್ಬರಿಗೂ ಒಂದೊಂದು, ಅದು ಅವರವರದ್ದೇ. ಹುಡುಗಿಗೆ ಎಂಟು: ಅವಳದ್ದೊಂದು, ಕೆಂಗಣ್ಣು ಬಂದು ಆಣೆಯ ದಿನಗಳಲ್ಲಿ ಮನೆಯಲ್ಲಿದ್ದವರದ್ದು ಏಳು. ಇಡೀ ಶಾಲೆಯಲ್ಲಿ ಕಣ್ಣು ಕೆಟ್ಟವರು ಮಾತ್ರ ನೋಡಿ ಮತ ಹಾಕಿದ್ದರು.

ಹೆಡ್‌ಮಾಸ್ಟ್ರು ಮೇಜು ಗುದ್ದಿದರು. "ಎಂಟು ಮತಕ್ಕೆ ನಾಯಕಿಯಾ? ಇದು ರದ್ದು. ಒಂದು ಚೀಟಿಗೆ ಎರಡು ಮುದ್ರೆ ಒತ್ತುವ ಬುದ್ಧಿಗೇಡಿಗಳಿಗೆ ಚುನಾವಣೆ ಯಾಕೆ? ನಾನೇ ಆರಿಸ್ತೇನೆ."

ಹುಡುಗಿ ಕೈಯಲ್ಲಿದ್ದ ಕೊಡೆಯ ಹಿಡಿಯನ್ನು ತಿರುಗಿಸುತ್ತ ನಿಂತಳು. ಆಣೆ ಹಾಕಿಸಬೇಡ ಎಂದವನು ನಾನು.

ಎಣಿಸುವಾಗ ಒಂದು ಮತಪತ್ರವನ್ನು ನಾನು ಮರ್ಯಾದೆಗೆಂದು ಮಗುಚಿ ಬದಿಗಿಟ್ಟಿದ್ದೆ. ಅದನ್ನೀಗ ತೆಗೆದು ಹೆಡ್‌ಮಾಸ್ಟ್ರ ಮುಂದಿಟ್ಟೆ. ದಪ್ಪ ಕಾಗದ, ಸುತ್ತ ಮಾವಿನೆಲೆಯ ಅಂಚು, ನಡುವೆ ಎರಡು ಬೆಂಡೆ ಹೂವು.

ಅವರು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಎಂತ ಮಾಡುವುದು ಮಾರಾಯ್ರೆ, ಸಂಚಾಲಕರೂ ಬಸ್ಸಿನ ಧಣಿಯೂ ಮನೆಗೆ ಬಂದು ದೈವದ ಹೆಸರಿನಲ್ಲಿ ಮಾತು ತಗೊಂಡು ಹೋಗಿದ್ರು" ಎಂದರು. ಮತಪತ್ರ ಜೇಬು ಸೇರಿತು. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ವಿಚಾರ ಮಾಡಿ ನೋಡಿದರೆ ಎಂಟು ಕಡಿಮೆಯೇನಲ್ಲ. ಇವಳೇ ನಾಯಕಿ."

"ಬಾಗಿಲು, ಸರ್?" ಎಂದಳು ಹುಡುಗಿ.

"ಸಂಚಾಲಕರಿಗೆ ನಾನೇ ಹೇಳ್ತೇನೆ. ಮುಂದಿನ ತಿಂಗಳು ಹಾಕಿಸುವ."

"ದೈವದಾಣೆಯಾ ಸರ್?"

ಹೆಡ್‌ಮಾಸ್ಟ್ರು ಕುರ್ಚಿಯಿಂದ ಎದ್ದು ಕೈ ಮುಗಿದರು. "ನಾಳೆಯೇ ಹಾಕಿಸ್ತೇನೆ ಮಾರಾಯ್ತಿ. ಆಣೆ ಮಾತ್ರ ಕೇಳಬೇಡ."