ಚಪಾತಿಯ ಮರ್ಯಾದೆ

ಹೊಟ್ಟೆಯ ಕಾಯಿಲೆ ನೋಡುವವನಿಗೆ ನಗುವ ಪ್ರಸಂಗಗಳು ದಿನಾ ಸಿಗುತ್ತವೆ. ಸಂಜೆ ಮನೆಗೆ ಬಂದು ಹೇಳಿಕೊಳ್ಳಲು ಯಾರಾದರೂ ಇರಬೇಕಷ್ಟೇ. ಎಂಬತ್ತರ ದಶಕದ ಕೊನೆಗೆ ಅಥಣಿಯಲ್ಲಿ ದವಾಖಾನೆ ಇಟ್ಟಾಗ ನನಗೆ ಹಾಗೆ ಯಾರೂ ಇರಲಿಲ್ಲ. ಖಾನಾವಳಿಯಲ್ಲಿ ನಾನು ಕೂತ ಬೆಂಚಿಗೂ ಯಾರೂ ಬರುತ್ತಿರಲಿಲ್ಲ. ಎದುರು ಕೂತವರನ್ನು "ಸಂಡಾಸ ಹೆಂಗ ಆಗತೈತ್ರಿ?" ಎಂದು ಕೇಳುವ ಕೆಟ್ಟ ಚಟ ನನ್ನದು.

೧. ತೇಲುವ ಪ್ರಶ್ನೆ

ಐಗಳಿಯಿಂದ ಒಬ್ಬ ಅತ್ತೆ ತನ್ನ ಸೊಸೆಯನ್ನು ಕರೆತಂದಳು. ಮದುವೆಯಾಗಿ ಒಂದೂವರೆ ವರ್ಷ. ಹುಡುಗಿ ಬಿಳಿಚಿಕೊಂಡಿದ್ದಳು. ಬಾಯಲ್ಲಿ ಹುಣ್ಣು, ಕಾಲಲ್ಲಿ ಬಾವು, ದಿನಕ್ಕೆ ಐದಾರು ಸಲ ಭೇದಿ. ಉಂಡದ್ದು ಮೈಗೆ ಹತ್ತುತ್ತಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಕರುಳು ಜಿಡ್ಡನ್ನು ಹೀರಿಕೊಳ್ಳದಿದ್ದರೆ ಮಲ ನೀರಿನ ಮೇಲೆ ತೇಲುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಅದನ್ನೇ ಕೇಳಿದೆ.

ಅತ್ತೆ ನನ್ನನ್ನು ಕನಿಕರದಿಂದ ನೋಡಿದಳು. "ಸಾಹೇಬ್ರ, ನಾವು ಹೋಗೂದು ಬಯಲಕಡಿಗೆರಿ. ಅಲ್ಲಿ ತೇಲಾಕ ನೀರ ಎಲ್ಲಿಂದ ತರೂದ್ರಿ?"

೨. ಔಷಧದ ಚೀಟಿ

"ಮನ್ಯಾಗ ಊಟಕ್ಕ ಕಮ್ಮಿ ಮಾಡೀರೇನು?" ಎಂದು ಕೇಳಿದ್ದಕ್ಕೆ ಅತ್ತೆಗೆ ಸಿಟ್ಟು ಬಂತು.

"ನಾವು ದ್ರಾಕ್ಷಿ ತೋಟದಾವ್ರು! ಇಕಿ ತವರಾಗ ಬರೇ ಜ್ವಾಳದ ಭಕ್ರಿ. ನಮ್ಮಲ್ಲಿ ಎರಡೂ ಹೊತ್ತ ಚಪಾತಿ, ಮ್ಯಾಲ ಗೋಧಿ ಹುಗ್ಗಿ. ಆದ್ರೂ ತವರಿಗೆ ಹೋದ್ರ ಮೈ ತುಂಬಿಕೊಂಡ ಬರ್ತಾಳ, ಇಲ್ಲಿ ಬಂದ್ರ ಸೊರಗತಾಳ. ಎಲ್ಲಾ ನಾಟಕರಿ. ಈ ಸಲ ಕಳಿಸಿದ್ರ ತಿರಗಿ ಕರ್ಕೊಂಬರೂದಿಲ್ಲ."

ಹುಡುಗಿ ತಲೆ ಎತ್ತಲಿಲ್ಲ. ತುಂಬಿದ ಮನೆಯಲ್ಲಿದ್ದೂ ಅವಳು ನನಗಿಂತ ಒಂಟಿ ಎನಿಸಿ ಸಂಕಟವಾಯಿತು. ಆದರೆ ಅತ್ತೆ ಬೈಯುತ್ತ ಬೈಯುತ್ತಲೇ ರೋಗದ ಕಾರಣ ಹೇಳಿಬಿಟ್ಟಿದ್ದಳು. ಗೋಧಿ ಆ ಹುಡುಗಿಯ ಕರುಳಿಗೆ ಆಗುತ್ತಿರಲಿಲ್ಲ. ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸಿ, ಕರುಳಿನ ಚೂರು ತೆಗೆಸಿ ನೋಡಿದಾಗಲೂ ಅದೇ ಬಂತು.

ಇನ್ನು ಜನ್ಮವಿಡೀ ಗೋಧಿ ಬಂದ್, ಜೋಳದ ಭಕ್ರಿಯೇ ಊಟ ಎಂದೆ. ಅತ್ತೆ ದನಿ ತಗ್ಗಿಸಿದಳು. "ಸೊಸಿ ಒಬ್ಬಾಕಿಗೆ ಭಕ್ರಿ ಹಾಕಿದ್ರ ಮಂದಿ ಏನಂದಾರ್ರಿ? ಔಷಧ ಅಂತ ಬರದ ಕೊಡ್ರಿ."

ಬರೆದುಕೊಟ್ಟೆ: ಭಕ್ರಿ, ದಿನಕ್ಕೆ ಎರಡು ಸಲ, ಊಟದ ಹೊತ್ತಿಗೆ. ಚೀಟಿಯನ್ನು ಬೀಗರಿಗೆಲ್ಲ ಕಾಣುವಂತೆ ಪಡಸಾಲೆಯ ಗೋಡೆಗೆ ಅಂಟಿಸಿದರಂತೆ.

೩. ಊಟದ ಕರೆ

ನಾಲ್ಕು ತಿಂಗಳಲ್ಲಿ ಹುಡುಗಿ ಗುರುತು ಸಿಗದಷ್ಟು ಮೈ ತುಂಬಿಕೊಂಡಳು. ತವರಿಗೆ ಅಟ್ಟುವ ಮಾತು ನಿಂತಿತು. ಅತ್ತೆ ಖುಷಿಯಾಗಿ ನನ್ನನ್ನು ಊಟಕ್ಕೆ ಕರೆದಳು. ಅಥಣಿಗೆ ಬಂದ ಮೂರು ವರ್ಷದಲ್ಲಿ ನನಗೆ ಬಂದ ಮೊದಲ ಕರೆ ಅದು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಹೋಳಿಗೆಯ ವಾಸನೆ ಬಾಗಿಲಿಗೇ ಬಂತು. ಅವ್ವ ತೀರಿಕೊಂಡ ಮೇಲೆ ಮನೆಯ ಹೋಳಿಗೆ ತಿಂದಿರಲಿಲ್ಲ.

ಸಾಲಾಗಿ ಕೂತವರಿಗೆಲ್ಲ ಹೋಳಿಗೆ ಬಡಿಸುತ್ತ ಬಂದ ಅತ್ತೆ ನನ್ನನ್ನು ದಾಟಿ ಮುಂದೆ ಹೋದಳು. ಹಿಂದೆಯೇ ಬಂದ ಸೊಸೆ ನನ್ನ ತಾಟಿಗೆ ಎರಡು ಭಕ್ರಿ ಹಾಕಿದಳು.

"ಸಾಹೇಬ್ರು ಹೆಂಗ ಬಡಕ ಅದಾರ ನೋಡ್ರಿ," ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ನೋಡಿದ್ರ ತಿಳೀತೈತಿ, ಇವ್ರಿಗೂ ಇಕಿದ ರೋಗ!"

ಇಲ್ಲವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸೊಸೆ ಬಗ್ಗಿ, "ಚಲೋ ಆತ್ರಿ ಅಣ್ಣಾರ. ಈ ಮನ್ಯಾಗ ಹಬ್ಬದಾಗ ಭಕ್ರಿ ತಿನ್ನಾಕಿ ನಾ ಒಬ್ಬಾಕಿನ ಇದ್ದೆ" ಎಂದಳು.

"ಹೌದವಾ, ನನಗೂ ಗೋಧಿ ಆಗೂದಿಲ್ಲ" ಎಂದೆ.

ಅಂದಿನಿಂದ ಪ್ರತಿ ಹಬ್ಬಕ್ಕೂ ಆ ಮನೆಯಿಂದ ಕರೆ ಬರತೊಡಗಿತು. ಹನ್ನೊಂದು ವರ್ಷ ಒಂದು ಹಬ್ಬವನ್ನೂ ತಪ್ಪಿಸಲಿಲ್ಲ. ಅವರ ಮನೆಯ ಹೋಳಿಗೆಯ ರುಚಿ ಹೇಗಿದೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ.