ತಣ್ಣನೆಯ ದೀಪದ ಕಾವು

ಮೊಟ್ಟೆಯೊಂದು ಬಿರುಕು ಬಿಟ್ಟಿತೆಂಬ ಸಂಭ್ರಮದಲ್ಲಿ ಕಾವುಗಾರ ಕಿಟಕಿ ತೆರೆದದ್ದೇ ತಪ್ಪಾಯಿತು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿಯನ್ನು ಕರೆಯಲೆಂದು ಸಾಮಾನು ಕೋಣೆಯ ಕಿಟಕಿ ತಳ್ಳಿ, "ಏ, ಬಾರೇ ಇಲ್ಲಿ! ಒಡೀತಾ ಇದೆ ಕಣೇ!" ಎಂದು ಕೂಗಿದ. ಹೆಂಡತಿಗೆ ಕೇಳಿಸಲಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಕೇಳಿಸಿತು. ಮೇಷ್ಟ್ರಿಗೆ ಕಿವಿಗಿಂತ ಕಣ್ಣು ಚುರುಕು. ಆ ಕಿಟಕಿಯೊಳಗೆ ಹಳದಿ ಬೆಳಕು ಉರಿಯುತ್ತಿರುವುದನ್ನು ಅವರು ಕಂಡೇಬಿಟ್ಟರು.

ಹಳದಿ ಬೆಳಕು ಉರಿದರೆ ಯಾರಪ್ಪನ ಗಂಟು ಹೋಯಿತು ಎಂದು ಕೇಳಬಹುದು. ಹೋಗುವುದಿತ್ತು, ಇಡೀ ಬೀದಿಯ ಗಂಟೇ ಹೋಗುವುದಿತ್ತು. ವಿದ್ಯುತ್ ಇಲಾಖೆಯೂ ಬಲ್ಬಿನ ಕಂಪನಿಯೊಂದೂ ಸೇರಿಕೊಂಡು ಆ ಬೀದಿಗೆ ಒಂದು ಯೋಜನೆ ತಂದಿದ್ದವು. ಹಳೇ ಬಲ್ಬ್ ಕೊಟ್ಟರೆ ಎಲ್‌ಇಡಿ ಬಲ್ಬ್ ಬಿಟ್ಟಿ. ಬೀದಿಯಲ್ಲಿ ಒಂದೇ ಒಂದು ಹಳೇ ಬಲ್ಬೂ ಉಳಿಯದಿದ್ದರೆ ಮನೆಗೊಂದು ಟೇಬಲ್ ಫ್ಯಾನ್ ಬಹುಮಾನ. ಒಂದು ಉಳಿದರೂ ಯಾರಿಗೂ ಇಲ್ಲ. ಈ ಕೊನೆಯ ಷರತ್ತು ಯಾರ ತಲೆಗೆ ಹೊಳೆಯಿತೋ, ಅವನು ಜನರನ್ನು ಚೆನ್ನಾಗಿಯೇ ಬಲ್ಲವನು. ಅಂದಿನಿಂದ ಬೀದಿಯಲ್ಲಿ ಒಬ್ಬರು ಇನ್ನೊಬ್ಬರ ಬಚ್ಚಲುಮನೆಗೂ ಇಣುಕಿ ನೋಡತೊಡಗಿದ್ದರು. ಅಂದು ಸಂಜೆಯೇ ಬೀದಿಯ ಕೊನೆಯ ಮೈದಾನದಲ್ಲಿ ಸಮಾರಂಭ. ಬೀದಿಯ ಸಮಿತಿಗೆ ಅಧ್ಯಕ್ಷರಾದ ಮೇಷ್ಟ್ರಂತೂ ಫ್ಯಾನಿಗೆಂದು ಸ್ಟೂಲನ್ನು ಒರೆಸಿಟ್ಟು ಎರಡು ದಿನವಾಗಿತ್ತು.

ಎಲ್‌ಇಡಿ ದೀಪದ ತಪ್ಪೇನೂ ಇಲ್ಲ ಬಿಡಿ. ಕರೆಂಟು ಕಡಿಮೆ ತಿನ್ನುವ, ಹೇಳಿದಷ್ಟು ಕೆಲಸ ಮಾಡಿಕೊಂಡು ತೆಪ್ಪಗಿರುವ ಸಂಭಾವಿತ ವಸ್ತು ಅದು. ಅದನ್ನು ಹಂಚಲು ಹೊರಟವರಲ್ಲಿ ಆ ಗುಣದ ಸುಳಿವೂ ಇರಲಿಲ್ಲ.

ಕಾವುಗಾರನ ಕತೆ ಬೇರೆ. ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿದ ಮೇಲೆ ಅವನು ಹಳೇ ಬೀರುವೊಂದನ್ನು ಅಡ್ಡ ಮಲಗಿಸಿ, ಒಳಗೆ ನಾಲ್ಕು ಹಳೇ ಬಲ್ಬು ಹಚ್ಚಿ, ಒಂದು ಬಟ್ಟಲು ನೀರಿಟ್ಟು, ಆ ಬಿಸಿಯಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಕಸುಬು ಹಿಡಿದಿದ್ದ. ಊರು ಅವನ ಹೆಸರನ್ನೇ ಮರೆತು ಕಾವುಗಾರ ಎಂದು ಕರೆಯಿತು. ಮೊದಲ ಸಲದ ಮೊಟ್ಟೆ ಬೆಕ್ಕಿನ ಪಾಲಾಯಿತು. ಎರಡನೆಯ ಸಲ ಕರೆಂಟು ಹೋಗಿ ಎಲ್ಲ ಕೊಳೆತವು. ಆಗ ಹೆಂಡತಿಯ ತಮ್ಮ ಬಂದು ಸೋಫಾದಲ್ಲಿ ಕಾಲಮೇಲೆ ಕಾಲು ಹಾಕಿ ತೀರ್ಪು ಕೊಟ್ಟಿದ್ದ.

"ನೋಡಿ ಭಾವ, ಇದು ಕೊನೇ ಸಲ. ಈ ಸಲಾನೂ ಮರಿ ಆಗ್ಲಿಲ್ಲಾಂದ್ರೆ ಬೀರು ಒಡೆದು ಒಲೆಗೆ ಹಾಕಿ, ನನ್ನ ಅಂಗಡಿಗೆ ಬಂದು ಕೂತ್ಕೊಳ್ಳಿ. ಅಕ್ಕ ಎಷ್ಟು ದಿನ ಅಂತ ಸಹಿಸ್ತಾಳೆ?"

ಭಾಮೈದನದು ಪ್ಲಾಸ್ಟಿಕ್ ಬಕೆಟಿನ ಅಂಗಡಿ. ಅಲ್ಲಿ ಬೆಳಗಿನಿಂದ ಸಂಜೆವರೆಗೆ ಬಕೆಟುಗಳ ನಡುವೆ ಇನ್ನೊಂದು ಬಕೆಟಿನಂತೆ ಕೂತು, "ಭಾವ, ಆ ಮಗ್ ತೆಗೀರಿ, ಭಾವ, ಈ ಮುಚ್ಚಳ ಹುಡುಕಿ" ಎಂದು ಕೇಳಿಸಿಕೊಳ್ಳುವ ಬದಲು ಬಾವಿಗೆ ಬೀಳುವುದು ಮೇಲೆಂದು ಕಾವುಗಾರನ ಲೆಕ್ಕ. ಅದಕ್ಕೇ ಮನೆಯ ಉಳಿದ ಬಲ್ಬನ್ನೆಲ್ಲ ಒಪ್ಪಿಸಿ, ಈ ನಾಲ್ಕನ್ನು ಮಾತ್ರ ಮುಚ್ಚಿಟ್ಟಿದ್ದ. ಇನ್ನೊಂದೇ ದಿನ ಕಳೆದರೆ ಮರಿಗಳು ಹೊರಗೆ, ಅವನು ಬಕೆಟಿನಿಂದ ಪಾರು.

ಅವನು ಕಿಟಕಿ ಮುಚ್ಚುವಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿದ್ದರು.

"ಏನಯ್ಯಾ ಕಾವುಗಾರ, ಒಳಗೆ ಏನದು ಹಳದಿ?"

"ಏನಿಲ್ಲ ಮೇಷ್ಟ್ರೇ, ಗೋಡೆ ಬಣ್ಣ."

"ಗೋಡೆ ಉರಿಯುತ್ತೇನಯ್ಯಾ? ನಲವತ್ತು ವರ್ಷ ಮಕ್ಕಳ ಸುಳ್ಳು ಕೇಳಿದೋನು ನಾನು. ಸರಿ, ಸರಿ ಆ ಕಡೆ!"

ಮೇಷ್ಟ್ರ ಗಂಟಲಿಗೆ ಬೀದಿಯೇ ಎದ್ದು ಬಂತು. ತಿಂಡಿಯ ಹೊತ್ತಿಗೆ ಇಲಾಖೆಯ ಇಂಜಿನಿಯರ್ ಕಾರಿನಲ್ಲಿ ಬಂದಿಳಿದರು. ಹಾಡುಹಗಲಲ್ಲಿ ಕಾರಿನ ಹೆಡ್‌ಲೈಟು ಉರಿಯುತ್ತಿತ್ತು, ಒಳಗಿನ ತಂಪು ಹೋಗಬಾರದೆಂದು ಇಂಜಿನ್ನೂ ಗುರುಗುಟ್ಟುತ್ತಲೇ ಇತ್ತು. ಪಕ್ಕದಲ್ಲಿ ಕಂಪನಿಯ ಪ್ರತಿನಿಧಿ. ಅವನ ಕೊರಳಿನ ಟೈ ಎಷ್ಟು ಬಿಗಿಯಾಗಿತ್ತೆಂದರೆ ನಗು ಬಿಟ್ಟು ಬೇರೆ ಯಾವ ಭಾವವೂ ಮೇಲೆ ಬರಲು ದಾರಿ ಇರಲಿಲ್ಲ.

"ಸಾರ್, ಇವು ಬೆಳಕಿಗೆ ಹಚ್ಚಿದ್ದಲ್ಲ, ಕಾವಿಗೆ" ಎಂದು ಕಾವುಗಾರ ಕೈಮುಗಿದ. "ಒಂದೇ ದಿನ ಬಿಟ್ಟುಬಿಡಿ. ನಾಳೆ ನಾನೇ ತಂದು ಕೊಡ್ತೀನಿ."

"ಕಾವಿಗೆ ಅಂತ ನಮ್ಮ ಯೋಜನೇಲಿ ಇಲ್ಲ ಕಣ್ರೀ" ಎಂದರು ಇಂಜಿನಿಯರ್. "ಬಲ್ಬ್ ಅಂದ್ರೆ ಬೆಳಕು."

"ಮೊಟ್ಟೆಗೆ ಬೆಳಕು ಯಾಕೆ ಸಾರ್? ಪೇಪರ್ ಓದ್ತಾವಾ?"

ಟೈನವನು ಮುಂದೆ ಬಂದು ಎಲ್‌ಇಡಿ ಬಲ್ಬೊಂದನ್ನು ಹಚ್ಚಿ ಅವನ ಅಂಗೈಗೆ ಒತ್ತಿದ. "ಮುಟ್ಟಿ ನೋಡಿ ಸಾರ್, ಮಗು ಕೈಗೆ ಕೊಟ್ರೂ ಏನೂ ಆಗಲ್ಲ. ಬಿಸಿ ಅನ್ನೋದೇ ಇಲ್ಲ! ಅದೇ ನಮ್ಮ ಹೆಗ್ಗಳಿಕೆ!"

"ಅದೇ ರೀ ನನ್ನ ಸಂಕಟ!"

ಹಿಂದಿನಿಂದ ಮೇಷ್ಟ್ರು ಕಿಡಿಕಾರಿದರು. "ನಾಲ್ಕು ಕೋಳಿಮರಿಗೋಸ್ಕರ ಇಡೀ ಬೀದಿ ಸೆಖೇಲಿ ಬೇಯ್ಬೇಕಾ? ಕಿತ್ತು ಹಾಕಿ ಸಾರ್!"

ಕಿತ್ತೇಬಿಟ್ಟರು. ಕಾವುಗಾರನ ಕೈಗೆ ಹಳೇ ಬಲ್ಬು ಕೊಟ್ಟು, ಅವನ ಕೈಯಿಂದಲೇ ಅದನ್ನು ಇಸಕೊಂಡು, ನಗಿಸಿ ಫೋಟೋ ಬೇರೆ ತೆಗೆದರು. ಬೀರುವಿನೊಳಗೆ ನಾಲ್ಕು ಎಲ್‌ಇಡಿ ಉರಿದವು. ಬೆಳ್ಳನೆಯ ಬೆಳಕಿನಲ್ಲಿ ಮೊಟ್ಟೆಗಳು ಆಸ್ಪತ್ರೆಯಲ್ಲಿ ಮಲಗಿಸಿದ ರೋಗಿಗಳಂತೆ ಕಂಡವು. ಉಷ್ಣಮಾಪಕದ ಗೆರೆ ನೋಡನೋಡುತ್ತ ಇಳಿಯಿತು. ಕಾವುಗಾರನ ಎದೆಯೂ ಅದರ ಜೊತೆಗೇ ಇಳಿಯಿತು.

ಹೆಂಡತಿ ಬಿಸಿನೀರು ಕಾಯಿಸಿ ಬಾಟಲಿಗೆ ತುಂಬಿಕೊಟ್ಟಳು. ಅದು ಆರುವಷ್ಟರಲ್ಲಿ ಇನ್ನೊಂದು. ಮೂರನೆಯದಕ್ಕೆ ಗ್ಯಾಸು ಮುಗಿಯಿತು. ಕರೆಂಟಿನ ಒಲೆ ಹಚ್ಚೋಣವೆಂದರೆ ಕರೆಂಟೇ ಹೋಯಿತು. ಸಂಜೆಯ ಸಮಾರಂಭದ ಕಂಬಗಳನ್ನು ನೆಡಲು ಬೀದಿಯ ಲೈನು ತೆಗೆದಿದ್ದರಂತೆ. ಕರೆಂಟು ಉಳಿಸುವ ಕಾರ್ಯಕ್ರಮ ಅಷ್ಟರಮಟ್ಟಿಗೆ ಆಗಲೇ ಯಶಸ್ವಿಯಾಗಿತ್ತು.

ಕೊನೆಗೆ ಕಾವುಗಾರ ಮೊಟ್ಟೆಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಮೇಲೆ ಕಂಬಳಿ ಹೊದ್ದು, ನಡುಮನೆಯಲ್ಲಿ ಸ್ವತಃ ಕಾವಿಗೆ ಕೂತ. ಆ ಅವಸ್ಥೆಯಲ್ಲೇ ಭಾಮೈದ ಬಂದ.

"ಏನ್ ಭಾವ, ಹುಷಾರಿಲ್ವಾ?"

"ಇನ್ನೂ ಜೀವ ಇದೆ ಕಣೋ. ಕೇಳು, ಒಳಗೆ ಟುಕ್ ಟುಕ್ ಅಂತಿದೆ."

"ನಿಮ್ಮ ಹಲ್ಲು ಕಟಕಟ ಅಂತಿರಬೇಕು." ಭಾಮೈದ ಅಕ್ಕನ ಕಡೆ ತಿರುಗಿದ. "ಅಕ್ಕಾ, ನಾಳೆ ಭಾವಂಗೆ ಡಬ್ಬಿ ಕಟ್ಟಿಬಿಡು. ಮಧ್ಯಾಹ್ನ ಮನೆಗೆ ಬಿಡೋಕಾಗಲ್ಲ, ಆಗ್ಲೇ ಗಿರಾಕಿ ಜಾಸ್ತಿ."

ಹೆಂಡತಿಯ ಕಣ್ಣು ಕಪಾಟಿನ ಮೇಲಿನ ಡಬ್ಬಿಯ ಕಡೆ ಹೋದದ್ದನ್ನು ಕಾವುಗಾರ ನೋಡಿಬಿಟ್ಟ. ಅದಕ್ಕೆ ಅವನಿಗೆ ಅಳುವೇ ಬಂತು. ಕಂಬಳಿ ಸಮೇತ ಎದ್ದ, ತಟ್ಟೆ ಹಿಡಿದು ಬೀದಿಗೆ ಬಿದ್ದ.

ಎಲ್ಲಿಗೆ ಹೋಗುವುದೆಂದು ಅವನಿಗೂ ಗೊತ್ತಿರಲಿಲ್ಲ. ಮೈದಾನದ ಬಳಿ ಬಂದಾಗ ಮುಖಕ್ಕೆ ಒಲೆಯ ಬಾಯಿ ತೆರೆದಂತೆ ಝಳ ಹೊಡೆಯಿತು. ನೋಡುತ್ತಾನೆ, ವೇದಿಕೆಯ ಎರಡೂ ಬದಿಗೆ ಸೊಂಟದೆತ್ತರದ ದೊಡ್ಡ ದೊಡ್ಡ ಹ್ಯಾಲೊಜೆನ್ ದೀಪಗಳು! ಜನರೇಟರು ಢಣಢಣ ಹೊಗೆ ಕಾರುತ್ತಿತ್ತು. ಸಂಜೆಗೆ ಬೇಕಾದ ದೀಪಗಳನ್ನು ಪರೀಕ್ಷೆಗೆಂದು ಮಟಮಟ ಮಧ್ಯಾಹ್ನವೇ ಹಚ್ಚಿ, ಆರಿಸುವುದು ಯಾರ ಕೆಲಸವೆಂದು ಗೊತ್ತಾಗದೆ ಹಾಗೇ ಬಿಟ್ಟಿದ್ದರು.

"ಇವು ಎಲ್‌ಇಡೀನಾ?" ಎಂದು ಕಾವುಗಾರ ದೀಪದವನನ್ನು ಕೇಳಿದ.

"ಅಯ್ಯೋ ಇಲ್ಲಪ್ಪ. ಎಲ್‌ಇಡೀಲಿ ಸಾಹೇಬ್ರ ಮುಖ ಫೋಟೋದಲ್ಲಿ ಬಿಳಿಚಿಕೊಳ್ಳುತ್ತಂತೆ. ಹಳೇ ದೀಪಾನೇ ಹಾಕಿ, ಮುಖಕ್ಕೆ ಕಳೆ ಬರುತ್ತೆ ಅಂತ ಕಂಪನಿಯವ್ರೇ ಹೇಳಿದ್ರು" ಎಂದು ಅವನು ಊಟಕ್ಕೆ ಹೊರಟುಹೋದ.

ಸಾಹೇಬರ ಮುಖದ ಕಳೆಗೆ ಮನಸ್ಸಿನಲ್ಲೇ ಕೈಮುಗಿದು ಕಾವುಗಾರ ವೇದಿಕೆ ಹತ್ತಿದ. ಅಂಚಿನಲ್ಲಿ ಸಾಲಾಗಿಟ್ಟ ಹೂಕುಂಡಗಳ ಮರೆಯಲ್ಲಿ, ಕೈ ಹಿಡಿದು ಹಿಡಿದು ನೋಡಿ ಹದವಾದ ಬಿಸಿಯಿರುವ ಜಾಗದಲ್ಲಿ ತಟ್ಟೆಯನ್ನಿಟ್ಟ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಆಗಾಗ ನೀರು ಚಿಮುಕಿಸಿದ. ಯಾರಾದರೂ ಬಂದು ಏನು ಮಾಡುತ್ತಿದ್ದೀಯೆಂದರೆ "ಹೂಕುಂಡ ನೋಡ್ಕೊಳ್ತಿದೀನಿ" ಎಂದ. ಸರ್ಕಾರಿ ಸಮಾರಂಭದಲ್ಲಿ ಕುಂಡದ ಪಕ್ಕ ಸುಮ್ಮನೆ ಕೂತವನನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ.

ಹೊತ್ತು ಇಳಿಯುವ ಮೊದಲೇ ಮೊದಲ ಮರಿ ಚಿಪ್ಪು ಒದ್ದು ಹೊರಬಂತು. ಒದ್ದೆ ಮುದ್ದೆ. ಆಮೇಲೆ ಇನ್ನೊಂದು, ಮತ್ತೊಂದು. ಆ ಝಳಕ್ಕೆ ಮೈ ಆರಿ, ಸಂಜೆಯ ಹೊತ್ತಿಗೆ ತಟ್ಟೆಯ ತುಂಬ ಹತ್ತಿಯುಂಡೆಗಳು ಕಿಚಿಪಿಚಿಗುಟ್ಟತೊಡಗಿದವು. ಕಾವುಗಾರ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಸಂತೋಷಕ್ಕೆ ಬಿಕ್ಕಿದ. ಬಕೆಟಿನಿಂದ ಪಾರಾದೆ ಎಂದುಕೊಂಡ.

ಅಷ್ಟರಲ್ಲಿ ಜನ ತುಂಬಿ, ಅವನು ಇಳಿದು ಹೋಗಲು ದಾರಿ ಇಲ್ಲದಾಯಿತು. ಇಲಾಖೆಯ ಮೇಲಧಿಕಾರಿಗಳು ಬೆವರು ಒರೆಸಿಕೊಳ್ಳುತ್ತ ಭಾಷಣ ಸುರುಮಾಡಿದರು. "ಬಂಧುಗಳೇ, ಇಲಾಖೆ ಮತ್ತು ಉದ್ಯಮ ಕೈಗೆ ಕೈ ಜೋಡಿಸಿದಾಗ..." ಎನ್ನುವಷ್ಟರಲ್ಲಿ ಮರಿಯೊಂದು ಕುಂಡದ ಸಂದಿಯಿಂದ ನುಸುಳಿ ಬಂದು ಅವರ ಬೂಟಿನ ಲೇಸನ್ನು ಕುಕ್ಕಿತು. ಹಿಂದೆಯೇ ಅದರ ಬಳಗವೆಲ್ಲ ಬಂತು. ಮೇಲಧಿಕಾರಿಗಳು ಒಂದು ಕಾಲಲ್ಲಿ ನಿಂತರು. ಸಭೆ ಹೋ ಎಂದಿತು. ಇಂಜಿನಿಯರ್ ಓಡಿಬಂದು ಕುಂಡದ ಹಿಂದಿನಿಂದ ಕಾವುಗಾರನ ರಟ್ಟೆ ಹಿಡಿದೆಳೆದರು.

"ಬೆಳಿಗ್ಗೆಯವನೇ ಸಾರ್ ಇವನು! ಕಾರ್ಯಕ್ರಮ ಹಾಳು ಮಾಡೋಕೆ ಬಂದಿದಾನೆ!"

ಟೈನವನು ಮರಿಗಳನ್ನು ನೋಡಿದ, ಕಾವುಗಾರನನ್ನು ನೋಡಿದ, ಫೋಟೋದವರನ್ನು ನೋಡಿದ. ಹೊಟ್ಟೆಪಾಡಿನ ಬುದ್ಧಿ ಎಂದರೆ ಅದು. ಮೈಕು ಕಸಿದುಕೊಂಡು ಕೂಗಿದ.

"ಬಂಧುಗಳೇ! ಬೆಳಿಗ್ಗೆ ಈ ಯಜಮಾನರ ಮೊಟ್ಟೆ ಪೆಟ್ಟಿಗೆಗೆ ನಾವೇ ಸ್ವತಃ ಎಲ್‌ಇಡಿ ಹಾಕಿಕೊಟ್ವಿ. ಸಂಜೆಗೆ ನೋಡಿ, ಮರಿ! ನಮ್ಮ ದೀಪದ ಹಿತವಾದ ಬಿಸಿಗೆ ತಾಯಿಕೋಳಿಯೂ ನಾಚಬೇಕು!"

ಬೆಳಿಗ್ಗೆ ಬಿಸಿಯೇ ಇಲ್ಲವೆಂದು ಪ್ರಮಾಣ ಮಾಡಿದ ನಾಲಗೆ ಅದು. ಒಂದಿಷ್ಟಾದರೂ ತೊದಲಬೇಡವೇ? ತೊದಲಲಿಲ್ಲ. ಇಂಜಿನಿಯರ್ ಹಿಡಿದಿದ್ದ ರಟ್ಟೆಯನ್ನು ಹಾಗೇ ಸವರತೊಡಗಿ, "ನಾನು ಬೆಳಿಗ್ಗೇನೇ ಇವರಿಗೆ ಧೈರ್ಯ ಹೇಳಿದ್ದೆ ಸಾರ್" ಎಂದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಎದ್ದು ನಿಂತು, "ನಮ್ಮ ಬೀದಿಯವನೇ! ನಾನೇ ಒಪ್ಪಿಸಿದ್ದು!" ಎಂದು ಕೂಗಿದರು.

ಕಾವುಗಾರನ ಕೈಗೆ ಮೈಕು ಬಂತು. "ಸ್ವಾಮೀ, ಇವು ಎಲ್‌ಇಡಿಗೆ ಒಡೆದದ್ದಲ್ಲ. ಅಗೋ ಆ ದೊಡ್ಡ ದೀಪ..." ಎನ್ನುವಷ್ಟರಲ್ಲಿ ಇಂಜಿನಿಯರ್ ಅವನ ಕಾಲು ತುಳಿದರು. ಮೈಕು ಮಾಯವಾಯಿತು. ಚಪ್ಪಾಳೆ ಮುಗಿಲು ಮುಟ್ಟಿತು. ಆ ಗದ್ದಲದಲ್ಲೇ ಮೇಲಧಿಕಾರಿಗಳು ಫ್ಯಾನುಗಳನ್ನು ಮುಂದಿನ ಹಂತದಲ್ಲಿ ಕೊಡಲಾಗುವುದೆಂದು ಹೇಳಿ ಮುಗಿಸಿದರು. ಮರಿಗಳನ್ನು ನೋಡುವ ಭರದಲ್ಲಿ ಅದು ಮೇಷ್ಟ್ರ ಕಿವಿಗೂ ಬೀಳಲಿಲ್ಲ.

ಹೆಂಡತಿ ಕಣ್ಣೊರೆಸಿಕೊಳ್ಳುತ್ತ ವೇದಿಕೆಯ ಬಳಿ ಬಂದಳು. ಅವಳ ಹಿಂದೆ ಭಾಮೈದನೂ ಬಂದ. ಕಾವುಗಾರ ಒಂದು ಮರಿಯನ್ನೆತ್ತಿ ಅವನ ಮೂಗಿಗೆ ಹಿಡಿದ.

"ನೋಡೋ! ಏನಂದಿದ್ದೆ? ಮರಿ ಆಯ್ತೋ ಇಲ್ವೋ?"

"ಆಯ್ತು ಭಾವ. ನಿಮ್ಮನ್ನ ಸುಮ್ಮನೆ ಅಂದುಬಿಟ್ಟೆ" ಎಂದು ಭಾಮೈದ ತಲೆ ತಗ್ಗಿಸಿದ. ಆ ಕ್ಷಣಕ್ಕಾಗಿ ಕಾವುಗಾರ ಇನ್ನೂ ನೂರು ಮೊಟ್ಟೆಗೆ ಕಾವಿಗೆ ಕೂರಲು ತಯಾರಿದ್ದ.

ಟೈನವನು ನಡುವೆ ತೂರಿದ. "ನೀವು ಇವರಿಗೆ ಏನಾಗಬೇಕು?"

"ಭಾಮೈದ ಸಾರ್. ಮುಖ್ಯ ಬೀದೀಲಿ ಅಂಗಡಿ ಇದೆ."

"ಅಂಗಡೀನಾ? ಭೇಷ್! ಈ ಊರಿಗೆ ನಮ್ಮ ಬಲ್ಬಿನ ಏಜೆನ್ಸಿ ನಿಮಗೇ. ಆದ್ರೆ ಒಂದು ಮಾತು. ಇವರು ಮರಿಗಳ ಸಮೇತ ದಿನಾ ಅಂಗಡೀಲಿ ಕೂತಿರಬೇಕು. ಬಂದವರಿಗೆಲ್ಲ ಎಲ್‌ಇಡೀಲಿ ಮರಿ ಆದದ್ದು ಹೇಗೆ ಅಂತ ಹೇಳ್ತಿರಬೇಕು."

ಇಂಜಿನಿಯರೂ ತಲೆಯಾಡಿಸಿ, ಇಲಾಖೆಯ ಕಡೆಯಿಂದ ಅದಕ್ಕೊಂದು ಆದೇಶವನ್ನೇ ಹೊರಡಿಸುವುದಾಗಿ ಹೇಳಿದರು.

ಕಾವುಗಾರ ಭಾಮೈದನ ಕಡೆ ತಿರುಗಿದ. "ಏ, ಮರಿ ಆದ್ರೆ ನಾನು ಬರಬೇಕಾಗಿಲ್ಲ ಅಂತ ಮಾತಾಗಿತ್ತಲ್ಲೋ!"

"ಮರಿ ಆಗ್ದಿದ್ರೆ ಬನ್ನಿ ಅಂದಿದ್ದು ನಾನು ಭಾವ. ಮರಿ ಆಗಿದ್ದಕ್ಕೆ ಬನ್ನಿ ಅಂತಿರೋದು ಸರ್ಕಾರ" ಎಂದ ಭಾಮೈದ. ಅವನ ಮುಖ ಆ ಹಳೇ ದೀಪದ ಬೆಳಕಿನಲ್ಲಿ ಕಳೆಕಳೆಯಾಗಿತ್ತು. "ನಾಳೆ ಬೇಗ ಬಂದುಬಿಡಿ. ಬಕೆಟ್ ಪಕ್ಕದಲ್ಲೇ ನಿಮಗೂ ಮರಿಗಳಿಗೂ ಜಾಗ ಮಾಡ್ಕೊಡ್ತೀನಿ."

ಕಾವುಗಾರ ದಿಕ್ಕುಗಾಣದೆ ಹೆಂಡತಿಯ ಮುಖ ನೋಡಿದ. ಅವಳು ಮರಿಯನ್ನು ಎದೆಗವಚಿಕೊಂಡು ಹೆಮ್ಮೆಯಿಂದ ಬೀಗುತ್ತಿದ್ದಳು.

"ಯಾಕ್ರೀ ಹಾಗೆ ನೋಡ್ತೀರಾ? ಡಬ್ಬಿ ಕಟ್ಟಿಕೊಡ್ತೀನಿ, ಯೋಚನೆ ಮಾಡಬೇಡಿ."